ಮಾವನ ಗಿಟಾರಿಗೆ ಪಾಲಿಶ್

ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು ಸ್ವಾಮಿ, ಅದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ನಮ್ಮ ಥಳಥಳಣ್ಣನಿಗೆ ಮಾತ್ರ ಹುಟ್ಟಿನಿಂದಲೇ ಒಲಿದಿತ್ತು. ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದ, ಬಾಗಿಲು ತಟ್ಟಿದರೆ ಬೆಚ್ಚುತ್ತಿದ್ದ, ಯಾರೂ ಬಾಗಿಲು ತಟ್ಟದೆ ತುಂಬ ಹೊತ್ತಾದರೆ ಅದಕ್ಕೂ ಬೆಚ್ಚುತ್ತಿದ್ದ. ಆದರೆ ಇವೆಲ್ಲ ಚಿಲ್ಲರೆ ಭಯ. ದೊಡ್ಡ ಭಯವನ್ನೆಲ್ಲ ಅವನು ಹುಷಾರಾಗಿ ಕೂಡಿಟ್ಟುಕೊಂಡಿದ್ದು ಮಾವನಿಗಾಗಿ.

ಥಳಥಳಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಪೀಠೋಪಕರಣದ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮೇಜು, ಕುರ್ಚಿ, ಮಂಚಗಳಿಗೆ ಪಾಲಿಶ್ ಹಾಕುವುದು ಅವನ ಕಸುಬು. ಇಪ್ಪತ್ತೆರಡು ವರ್ಷದಿಂದ ಅವನ ಎಡ ಹೆಗಲ ಮೇಲೆ ಒಂದು ಹಳದಿ ಬಟ್ಟೆ ಕೂತಿದೆ. ಎದುರಿಗೆ ಏನೇ ಸಿಕ್ಕಲಿ, ಬಟ್ಟೆ ತಾನಾಗಿ ಕೈಗಿಳಿಯುತ್ತದೆ. ಬ್ಯಾಂಕಿಗೆ ಹೋದರೆ ಕೌಂಟರ್ ಒರೆಸುತ್ತಾನೆ. ಡಾಕ್ಟರ ಹತ್ತಿರ ಹೋದರೆ ತನ್ನ ರೋಗ ಹೇಳಿಕೊಳ್ಳುತ್ತಲೇ ಅವರ ಮೇಜು ಒರೆಸುತ್ತಾನೆ. ಹೋದ ವರ್ಷ ಮಾವನ ಸ್ಟೂಲಿಗೆ ಪ್ರೀತಿಯಿಂದ ಎಂಟು ಕೋಟು ಪಾಲಿಶ್ ಹಾಕಿದ್ದ. ಮಾವ ಕೂತರು, ಕೂತ ವೇಗದಲ್ಲೇ ಜಾರಿ ಬಾಗಿಲ ತನಕ ಹೋದರು. ಅವತ್ತಿನಿಂದ ಮನೆಯೊಳಗೆ ಏನನ್ನೂ ಉಜ್ಜಕೂಡದು ಅಂತ ಹೆಂಡತಿಯ ಕಟ್ಟಪ್ಪಣೆ.

ಮಾವ ಅಂದರೆ ಜೈಲರ್ ಆಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಎರಡು ವರ್ಷದಿಂದ ಮಗಳ ಮನೆಯ ಮುಂದಿನ ಕೋಣೆಯಲ್ಲೇ ವಾಸ. ಅವರು ಅಳಿಯನನ್ನು ಒಂದು ದಿನವೂ ಬೈದವರಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! "ಅಳಿಯಂದಿರೇ, ಸ್ವಲ್ಪ ಬರ್ತೀರಾ?" ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಮೂವತ್ತು ವರ್ಷ ಕಳ್ಳಕಾಕರನ್ನು ಸಾಲಾಗಿ ನಿಲ್ಲಿಸಿದ ಆ ಗಂಟಲಿನಿಂದ 'ಬರ್ತೀರಾ' ಅನ್ನುವ ಮಾತು ಬಂದರೆ ಥಳಥಳಣ್ಣನ ಮೊಣಕಾಲು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು.

ಇಂಥ ಮಾವನ ಮಂಚದ ಕೆಳಗೆ ಒಂದು ಕಪ್ಪು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಗಿಟಾರ್. ಗಿಟಾರ್ ಅಂದರೆ ಹೊಟ್ಟೆಯಲ್ಲಿ ದೊಡ್ಡ ತೂತಿರುತ್ತದೆ ಅಂತ ನೀವೂ ನಾನೂ ತಿಳಿದಿದ್ದೇವೆ. ಇದಕ್ಕೆ ತೂತೇ ಇಲ್ಲ. ಒಳಗೆ ಟೊಳ್ಳಿಲ್ಲದ ಗಟ್ಟಿ ಮರದ ಹಲಗೆ, ಅದರ ಮೇಲೆ ಆರು ತಂತಿ, ಒಂದು ಅಂಚಿನಲ್ಲಿ ದನಿ ಏರಿಸಿ ಇಳಿಸುವ ಮೂರು ತಿರುಪು. ಹಾಡುವುದೆಲ್ಲ ಕರೆಂಟಿನಿಂದ, ಕರೆಂಟಿಲ್ಲದಿದ್ದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಐವತ್ತು ವರ್ಷ ಹಿಂದಿನದು. ಮಾಡಿದ ಕಾರ್ಖಾನೆಯೂ ಮುಚ್ಚಿಹೋಗಿದೆ. ಜೈಲಿನ ಸಿಬ್ಬಂದಿಯ ಕ್ಲಬ್ಬಿನಲ್ಲಿ ಮಾವ ಪ್ರತಿ ಶನಿವಾರ ನುಡಿಸುತ್ತಿದ್ದರಂತೆ. ಅಳಿಯ ಕೇಳಿದ್ದೇ ಇಲ್ಲ, ಏಕೆಂದರೆ ಇಲ್ಲಿಗೆ ಬರುವ ಹೊತ್ತಿಗೆ ಅವರ ಬೆರಳುಗಳು ಬಗ್ಗುವುದನ್ನು ಬಿಟ್ಟಿದ್ದವು.

ಹೋದ ತಿಂಗಳು ಮಾವ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. 'ಹಳೆಯ ಎಲೆಕ್ಟ್ರಿಕ್ ಗಿಟಾರ್ ಮಾರಾಟಕ್ಕಿದೆ. ಹರಟೆ ಹೊಡೆಯುವವರು ಬರಬಾರದು.' ಹಳೆಯ ವಾದ್ಯಗಳನ್ನು ಕೂಡಿಡುವ ಒಬ್ಬ ಸಂಗ್ರಾಹಕರು ಬಂದು, ಗಂಟೆಗಟ್ಟಲೆ ನೋಡಿ, ಫೋಟೋ ತೆಗೆದುಕೊಂಡು, ಭಾನುವಾರ ಬಂದು ಒಯ್ಯುತ್ತೇನೆಂದು ಹೇಳಿ ಹೋದರು. ಆಗ ಥಳಥಳಣ್ಣ ಶೆಡ್ಡಿನಲ್ಲಿ ಯಾರದೋ ಮಂಚದ ಕಾಲು ತಿಕ್ಕುತ್ತಿದ್ದ.

ಗುರುವಾರ ಬೆಳಿಗ್ಗೆ ಕರೆ ಬಂತು. "ಅಳಿಯಂದಿರೇ, ಸ್ವಲ್ಪ ಬರ್ತೀರಾ?"

ಥಳಥಳಣ್ಣ ಹೋಗಿ ನಿಂತ. ಮಾವ ಕಿಟಕಿಯ ಕಡೆ ಮುಖ ಮಾಡಿದ್ದರು. "ನಾನು ತಂಗಿ ಮನೆಗೆ ಹೋಗ್ತಿದ್ದೀನಿ. ಸೋಮವಾರ ಬರ್ತೀನಿ. ಅದು ಬಾಗಿಲು ದಾಟೋದನ್ನ ನನ್ನ ಕೈಲಿ ನೋಡೋಕಾಗೋಲ್ಲ. ನೀವೇ ಕೊಟ್ಟು ಕಳಿಸಿ. ಅಲ್ಲೀವರೆಗೂ ಜೋಪಾನ."

ನೋಡಿ, ಎರಡು ವರ್ಷದಲ್ಲಿ ಮಾವ ಅಳಿಯನ ಕೈಗೆ ಕೊಟ್ಟಿದ್ದು ಓದಿ ಮುಗಿಸಿದ ಪೇಪರು ಮಾತ್ರ. ಇದ್ದಕ್ಕಿದ್ದಂತೆ ಗಿಟಾರ್ ಒಪ್ಪಿಸಿದರೆ ಆ ಜೀವ ಏನಾಗಬೇಡ? ಅವನಿಗೆ ಅಳುವೇ ಬಂತು. ಮಾವನ ಬಸ್ಸು ಹೊರಟಿದ್ದೇ ತಡ, ಪೆಟ್ಟಿಗೆ ತೆರೆದು ನೋಡಿದ. ಮೈಯೆಲ್ಲ ಗೀರು! ಬಿಳಿ ಬಣ್ಣ ಹಳದಿಗೆ ತಿರುಗಿದೆ, ಒಂದು ಅಂಚಿನಲ್ಲಿ ಅಂಗೈಯಗಲ ಬಣ್ಣವೇ ಹೋಗಿ ಮರ ಕಾಣುತ್ತಿದೆ.

"ಇದನ್ನ ಹೀಗೇ ಕೊಟ್ಟು ಕಳಿಸಿದ್ರೆ ಮಾವನ ಮರ್ಯಾದೆ ಏನಾಗಬೇಕು?" ಎಂದ.

"ರೀ, ಬೇಡ. ಅಪ್ಪನ್ನ ಒಂದು ಮಾತು ಕೇಳಿ," ಎಂದಳು ಹೆಂಡತಿ.

"ಕೇಳೋದೇನೇ? ಮಾಸಲು ಸಾಮಾನನ್ನ ಗಿರಾಕಿ ಕೈಗೆ ಕೊಡೋ ಪದ್ಧತಿ ನಮ್ಮ ಕಸುಬಲ್ಲೇ ಇಲ್ಲ."

ಮತ್ತೆ ಅವನನ್ನು ತಡೆಯುವವರು ಯಾರು? ಅಂಗಡಿಗೆ ಎರಡು ದಿನ ರಜೆ ಹಾಕಿದ. ತಂತಿ ಬಿಚ್ಚಿದ. ಉಪ್ಪುಕಾಗದದಲ್ಲಿ ತಿಕ್ಕಿದ. ಆ ಸವೆದ ಜಾಗಕ್ಕೆ ಮಕ್ಕು, ಅಂದರೆ ಮರಗೆಲಸದ ಪುಟ್ಟಿ, ತುಂಬಿ ಮಟ್ಟ ಮಾಡಿದ. ಹೊಸ ಬಿಳಿ ಬಣ್ಣ ಹೊಡೆದು, ಅದರ ಮೇಲೆ ಪಾಲಿಶ್, ಪಾಲಿಶಿನ ಮೇಲೆ ಪಾಲಿಶ್. ಮತ್ತೆ ತಂತಿ ಬಿಗಿದು ಎತ್ತಿ ಹಿಡಿದರೆ ಹಾಲು ಹೆಪ್ಪುಗಟ್ಟಿದ ಹಾಗಿತ್ತು. ಬೀದಿಗೆಲ್ಲ ತೋರಿಸಿದ. ಪಕ್ಕದ ಮನೆಯಲ್ಲಿ ನಾಟಕ ಕಂಪನಿಯ ಮೇಕಪ್ ಮೇಷ್ಟ್ರು ಇದ್ದರು. ಅವರಂತೂ ಅದರಲ್ಲಿ ಮುಖ ನೋಡಿಕೊಂಡು ಮೀಸೆಯನ್ನೇ ಸರಿಮಾಡಿಕೊಂಡರು.

ಶನಿವಾರ ಮಧ್ಯಾಹ್ನ ಫೋನು ಬಂತು. ಸಂಗ್ರಾಹಕರು. ದನಿಯಲ್ಲಿ ಹೊಸ ಮದುಮಗನ ಸಡಗರ.

"ನಾಳೆ ಹತ್ತಕ್ಕೆ ಬರ್ತೀನಿ. ರಾತ್ರಿ ನಿದ್ದೆನೇ ಬಂದಿಲ್ಲ ನೋಡಿ. ಅಬ್ಬಾ, ಆ ಹಳದಿ ಬಣ್ಣ! ಆ ಗೀರುಗಳು! ಎಲ್ಲಕ್ಕಿಂತ ಆ ಕೈ ಸವೆದ ಗುರುತಿದೆಯಲ್ಲ, ಅಂಥದ್ದು ನಾನು ಇನ್ನೊಂದು ಕಂಡಿಲ್ಲ. ಅದಕ್ಕೇ ರೀ ಬೆಲೆ! ದಯವಿಟ್ಟು ಧೂಳು ಕೂಡ ಒರೆಸಬೇಡಿ. ಒರೆಸಿದ್ರೆ ಸತ್ತ ಹಾಗೇ."

ಯಾರು ಸತ್ತ ಹಾಗೆ ಅಂತ ಅವರು ಹೇಳಲಿಲ್ಲ. ಥಳಥಳಣ್ಣನಿಗೆ ಕೇಳುವ ಶಕ್ತಿಯಿರಲಿಲ್ಲ. ಫೋನು ಜಾರಿ ಮಡಿಲಿಗೆ ಬಿತ್ತು. ಗೋಡೆಯ ಮೇಲೆ ಸಮವಸ್ತ್ರದಲ್ಲಿದ್ದ ಮಾವನ ಫೋಟೋ ಅವನನ್ನೇ ನೋಡುತ್ತಿತ್ತು. ಅದನ್ನು ತಿರುಗಿಸಿ ಹಾಕಿದ. ಬೆನ್ನು ಮಾಡಿದ ಮಾವ ಇನ್ನೂ ಭಯಂಕರವಾಗಿ ಕಂಡದ್ದರಿಂದ ಮತ್ತೆ ಸರಿ ಮಾಡಿದ.

"ನಾನು ಹೇಳಲಿಲ್ವಾ?" ಎಂದಳು ಹೆಂಡತಿ.

"ಹೇಳಿದೆ ಕಣೇ. ಈಗ ನಾನು ಎಲ್ಲಿಗೆ ಓಡಿಹೋಗಲಿ ಅಂತಲೂ ನೀನೇ ಹೇಳಿಬಿಡು."

ಅವನ ಗೋಳು ಕೇಳಿ ಗೋಡೆಯಾಚೆಯಿಂದ ಮೇಕಪ್ ಮೇಷ್ಟ್ರು ಇಣುಕಿದರು. ವಿಷಯ ತಿಳಿದು ಪಕಪಕ ನಕ್ಕರು. "ಇಷ್ಟೇನಾ? ಇಪ್ಪತ್ತರ ಹುಡುಗನನ್ನ ಅರ್ಧ ಗಂಟೇಲಿ ಎಂಬತ್ತರ ಮುದುಕ ಮಾಡಿದ್ದೀನಿ ಕಣಯ್ಯಾ. ಇದೇನು, ಹಲಗೆ! ಬಾಯಿ ಕೂಡ ಆಡಿಸೋಲ್ಲ. ತಾ ಇಲ್ಲಿ."

ಹಿತ್ತಲಿನಲ್ಲಿ ಗಿಟಾರಿಗೆ ವಯಸ್ಸು ತುಂಬುವ ಕಾರ್ಯ ಆರಂಭವಾಯಿತು. ಟೀ ಕಷಾಯದಂತೆ ಕುದಿಸಿ ಮೂರು ಸಲ ಬಳಿದರು; ಬಿಳಿ ಹೋಗಿ ಹಳದಿ ಬಂತು. ಬೀಗದ ಕೈ ಗೊಂಚಲಿನಿಂದ ಹೊಡೆದರು, ಬಾಚಣಿಗೆಯಿಂದ ಗೀರಿದರು. ಒಂದೊಂದು ಗೀರು ಬಿದ್ದಾಗಲೂ ಥಳಥಳಣ್ಣ ಕಣ್ಣು ಮುಚ್ಚಿಕೊಂಡು ತನ್ನ ಮೈಗೇ ಬಿದ್ದಂತೆ "ಅಯ್ಯೋ" ಎನ್ನುತ್ತಿದ್ದ. ಕೊನೆಗೆ ಉಳಿದದ್ದು ಆ ಕೈ ಸವೆದ ಗುರುತು.

"ಎಲ್ಲಿತ್ತು ಅದು?" ಎಂದರು ಮೇಷ್ಟ್ರು.

"ಅಂಚಲ್ಲಿ."

"ಯಾವ ಅಂಚಲ್ಲಿ? ತಿರುಪು ಇರೋ ಕಡೆನೋ, ಆಚೆ ಕಡೆನೋ?"

ಉಜ್ಜುವ ಆನಂದದಲ್ಲಿ ಯಾವ ಕಡೆ ಅಂತ ನೋಡಿದವರು ಯಾರು? ಥಳಥಳಣ್ಣನ ತಲೆಯೊಳಗೆ ಎಲ್ಲ ಕಡೆಯೂ ಒಂದೇ ಸಮ ಹೊಳೆಯುತ್ತಿತ್ತು.

ಮೇಷ್ಟ್ರು ಸೋಲುವವರಲ್ಲ. ಕ್ಷೌರದಂಗಡಿಯ ಗೋಡೆಯಲ್ಲಿ ಗಿಟಾರ್ ಹಿಡಿದವನ ಚಿತ್ರವಿತ್ತು. ಹೋಗಿ ನೋಡಿಕೊಂಡು ಬಂದು ಥಳಥಳಣ್ಣನನ್ನು ಅದೇ ಭಂಗಿಯಲ್ಲಿ ನಿಲ್ಲಿಸಿದರು. ಎಡಗೈ ಗಿಟಾರಿನ ಕತ್ತಿನ ಮೇಲೆ, ಬಲಗೈ ತಂತಿಯ ಮೇಲೆ. "ನಿಮ್ಮ ಮಾವ ಯಾವ ಕೈಯವರು?"

"ಬಲಗೈ. ಊಟ, ಸಹಿ, ಸೆಲ್ಯೂಟು, ಎಲ್ಲ ಬಲಗೈಲೇ."

"ಮತ್ತಿನ್ನೇನು!" ಬಲ ಮುಂಗೈ ಒರಗಿದ ಕಡೆ, ಅಂದರೆ ತಿರುಪುಗಳ ಎದುರು ಅಂಚಿನಲ್ಲಿ, ಸೀಮೆಸುಣ್ಣದ ಗೆರೆ ಹಾಕಿ ಉಪ್ಪುಕಾಗದದಿಂದ ಬಣ್ಣ ತೆಗೆದು, ಮೇಲೆ ಒಂದಿಷ್ಟು ಮಸಿ, ಒಂದಿಷ್ಟು ಎಣ್ಣೆ ತಿಕ್ಕಿದರು. ಮೂವತ್ತು ವರ್ಷದ ಬೆವರು ಅಲ್ಲೇ ಇಂಗಿದಂತೆ ಕಂಡಿತು. ಥಳಥಳಣ್ಣ ಮೇಷ್ಟ್ರ ಕಾಲು ಹಿಡಿಯಲು ಹೋದ. ಅವರು "ಚಪ್ಪಾಳೆ ಸಾಕು" ಎಂದರು.

ಭಾನುವಾರ ಹತ್ತಕ್ಕೆ ಸರಿಯಾಗಿ ಸಂಗ್ರಾಹಕರು ಬಂದರು. ಬಿಳಿ ಕೈಗವಸು ಹಾಕಿಕೊಂಡು, ಜೇಬಿನಿಂದ ಭೂತಗನ್ನಡಿ ತೆಗೆದರು. ಥಳಥಳಣ್ಣನಿಗೆ ಬೆವರು ಕಿತ್ತುಕೊಂಡು ಬಂತು. ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ. ಅದು ಪಾಲಿಶಿನ ಬಟ್ಟೆಯಾದ್ದರಿಂದ ಮುಖ ಇನ್ನಷ್ಟು ಹೊಳೆಯಿತು. ಅವರು ಪೆಟ್ಟಿಗೆ ತೆರೆದರು. ಬಗ್ಗಿದರು. "ಆಹಾ," ಎಂದರು. ಥಳಥಳಣ್ಣನಿಗೆ ಹೋದ ಜೀವ ಅರ್ಧ ಬಂತು.

ಅಷ್ಟರಲ್ಲಿ ಗೇಟು ಕಿರ್ ಎಂದಿತು. ಬ್ಯಾಗು ಹಿಡಿದುಕೊಂಡು ಮಾವ ನಿಂತಿದ್ದರು.

"ಇರೋಕಾಗಲಿಲ್ಲ," ಎಂದರು, ಯಾರ ಮುಖವನ್ನೂ ನೋಡದೆ. "ಕೊನೇ ಸಲ ನೋಡಿಬಿಡೋಣ ಅಂತ ಬಂದೆ."

ಬಂದಿದ್ದ ಅರ್ಧ ಜೀವ ಹಿಂದಕ್ಕೆ ಹೋಯಿತು.

"ಒಂದು ನಿಮಿಷ," ಎಂದರು ಸಂಗ್ರಾಹಕರು. ಅವರ ದನಿ ಬದಲಾಗಿತ್ತು. ಫೋನಿನಲ್ಲಿದ್ದ ಫೋಟೋ ನೋಡಿದರು, ಗಿಟಾರ್ ನೋಡಿದರು, ಮತ್ತೆ ಫೋಟೋ. "ಸಾರ್, ಆ ಗುರುತು ತಿರುಪಿನ ಪಕ್ಕ ಇತ್ತು. ಇದು ಎದುರು ಅಂಚಿಗೆ ಹೋಗಿ ಕೂತಿದೆ. ನಾನು ಇಷ್ಟಪಟ್ಟಿದ್ದೇ ಆ ಗುರುತು ತಿರುವುಮುರುವಾಗಿ ಇತ್ತಲ್ಲ, ಅದಕ್ಕೆ! ಇದು ನಕಲಿ. ಅಸಲಿಯನ್ನ ಯಾರೋ ಸಾಗಿಸಿ ಇದನ್ನ ಇಟ್ಟಿದ್ದಾರೆ."

ಮಾವ ನಿಧಾನವಾಗಿ ಬ್ಯಾಗು ಕೆಳಗಿಟ್ಟರು.

"ಅಳಿಯಂದಿರೇ, ಸ್ವಲ್ಪ ಬರ್ತೀರಾ?"

ಇದ್ದದ್ದು ಮೂರೇ ಹೆಜ್ಜೆ. ಥಳಥಳಣ್ಣನಿಗೆ ಅದನ್ನು ನಡೆಯಲು ಮೂರು ವರ್ಷ ಹಿಡಿದಂತಾಯಿತು. ಅಷ್ಟರಲ್ಲಿ ಸಂಗ್ರಾಹಕರು ಠಾಣೆಗೆ ಫೋನು ಮಾಡಿಯೂ ಆಗಿತ್ತು. ಠಾಣೆ ಬೀದಿಯ ತುದಿಯಲ್ಲೇ ಇದ್ದದ್ದರಿಂದ ದಫೇದಾರರು ಬಂದೇಬಿಟ್ಟರು. ಬಂದವರು ಹಳೆಯ ಜೈಲರನ್ನು ಕಂಡು ಪಟ್ಟೆಂದು ಸೆಲ್ಯೂಟು ಹೊಡೆದರು. ಅಲ್ಲಿಗೆ ತನ್ನ ಕಥೆ ಮುಗಿಯಿತು ಅಂದುಕೊಂಡ ನಮ್ಮವನು. ಠಾಣೆಯೂ ಅವರದೇ, ಜೈಲೂ ಅವರದೇ.

ದಫೇದಾರರು ಪುಸ್ತಕ ತೆರೆದರು. "ಕಳೆದುಹೋದ ವಸ್ತು?"

"ಗಿಟಾರ್," ಎಂದರು ಸಂಗ್ರಾಹಕರು.

"ಇದು ಏನು?"

"ಗಿಟಾರ್."

"ಹಾಗಾದ್ರೆ ಸಿಕ್ಕಿತಲ್ಲ!"

"ಇದು ಅದಲ್ಲ ರೀ!"

"ಅದು ಹೇಗಿತ್ತು?"

"ಥೇಟ್ ಹೀಗೇ ಇತ್ತು."

ದಫೇದಾರರು ಪೆನ್ನಿನಿಂದ ತಲೆ ಕೆರೆದುಕೊಂಡು, ಇಂಥದ್ದನ್ನು ಬರೆಯಲು ತಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ ಎಂದರು. ಮಾವ ಮಾತ್ರ ಅಳಿಯನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಯಾರಿಗೆ ಮಾರಿದ್ರಿ?" ಎಂದರು. ಅಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿರಲಿಲ್ಲ. "ನಿಮಗೆ ಏನಾದರೂ ಬೇಕಿದ್ದರೆ ನನ್ನನ್ನ ಕೇಳಬಹುದಿತ್ತು. ಜೀವನದಲ್ಲಿ ಸಾವಿರಾರು ಜನರನ್ನ ಅನುಮಾನದಿಂದ ನೋಡಿದ್ದೀನಿ. ನಿಮ್ಮ ಒಬ್ಬರನ್ನ ಹಾಗೆ ನೋಡಿರಲಿಲ್ಲ."

ಜೈಲಿಗೆ ಹೋಗುವ ಭಯ ಒಂದು ಕಡೆಯಾದರೆ, ಈ ಮನುಷ್ಯನ ಮನಸ್ಸಿನಿಂದ ಕಳ್ಳನಾಗಿ ಇಳಿದುಹೋಗುವ ಭಯ ಅದರ ಹತ್ತು ಪಟ್ಟು. ಥಳಥಳಣ್ಣ ಕಣ್ಣು ಮುಚ್ಚಿ ಕಿರುಚಿಬಿಟ್ಟ.

"ನಾನು ಮಾರಿಲ್ಲ ಮಾವ! ಉಜ್ಜಿದೆ! ಇದು ಅದೇ! ಉಜ್ಜಿ ಹೊಸದು ಮಾಡಿದೆ, ಆಮೇಲೆ ಹೆದರಿಕೊಂಡು ಹಳೇದು ಮಾಡಿದೆ!"

"ಎಂಥಾ ಸುಳ್ಳು!" ಎಂದರು ಸಂಗ್ರಾಹಕರು. "ಬುದ್ಧಿ ಇರೋ ಯಾವ ಮನುಷ್ಯ ಇಂಥ ವಸ್ತುವನ್ನ ಉಪ್ಪುಕಾಗದದಲ್ಲಿ ತಿಕ್ಕುತ್ತಾನೆ?"

"ಹೌದು," ಎಂದರು ದಫೇದಾರರು, "ಇಷ್ಟು ದಡ್ಡರು ಇರೋಕೆ ಸಾಧ್ಯ ಇಲ್ಲ. ನಂಬೋ ಹಾಗಿಲ್ಲ."

ಎಂಥ ಗತಿ ಬಂತು ನೋಡಿ! ಮನುಷ್ಯ ತಾನು ದಡ್ಡನೆಂದು ಸಾಬೀತು ಮಾಡದಿದ್ದರೆ ಕಂಬಿ ಎಣಿಸಬೇಕು. ಆಗ ಅವನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಯಾರ್ರೀ ಹೇಳಿದ್ದು ಸಾಧ್ಯ ಇಲ್ಲ ಅಂತ? ನಾನು ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಗೊತ್ತಿಲ್ವಾ? ನನ್ನ ಲಟ್ಟಣಿಗೆಗೆ ಪಾಲಿಶ್ ಹಾಕಿದ್ದಾರೆ. ಕೈಯಲ್ಲಿ ನಿಲ್ಲೋದೇ ಇಲ್ಲ. ಮೆಟ್ಟಿಲಿಗೆ ಹಾಕಿದ್ದಾರೆ, ಪೋಸ್ಟಿನವರು ಈಗ ಹೊರಗಿಂದಲೇ ಕಾಗದ ಎಸೀತಾರೆ. ಅಪ್ಪಾ, ನಿಮ್ಮ ಸ್ಟೂಲು ಮರೆತುಹೋಯ್ತಾ?"

ಮಾವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ನೆನಪಿತ್ತು.

"ಮತ್ತೆ ಗಿಟಾರಿನ ಆ ಸವೆದ ಗುರುತು ನನ್ನ ಕೈಕೆಲಸ!" ಎಂದು ಗೋಡೆಯಾಚೆಯಿಂದ ಮೇಷ್ಟ್ರು ಕೂಗಿದರು. ಅವರಿಗೆ ಪೊಲೀಸರ ಭಯಕ್ಕಿಂತ ತಮ್ಮ ಕಲೆಗೆ ಬೇರೆ ಯಾರೋ ಹೆಸರು ಹೊಡೆದಾರು ಎನ್ನುವ ಭಯವೇ ಹೆಚ್ಚು. "ಟೀ, ಮಸಿ, ಎಣ್ಣೆ! ಸಾಹೇಬ್ರು ಮೊದಲು 'ಆಹಾ' ಅಂದ್ರೋ ಇಲ್ವೋ ಕೇಳಿ!"

ಮಾವ ಮಂಚದ ಕೆಳಗಿನಿಂದ ಧೂಳು ಹಿಡಿದ ಸ್ಪೀಕರ್ ಪೆಟ್ಟಿಗೆ ಎಳೆದು ವೈರು ಸಿಕ್ಕಿಸಿದರು. ಗಿಟಾರ್ ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟಿದರು. ಸದ್ದಿಲ್ಲ. ಮಾವ ನಡುವಿನ ತಿರುಪಿನ ಕೆಳಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು, ಹಟಮಾರಿ ಮಗುವಿನ ತಲೆ ಕುಟ್ಟಿದಂತೆ. ಕರಕರ ಎಂದಿತು, ಗೊರಗೊರ ಎಂದಿತು, ಆಮೇಲೆ ಇಡೀ ಮನೆ ತುಂಬುವಂಥ ದನಿಯೊಂದು ಹೊರಟಿತು. ಕಿಟಕಿಯ ಗಾಜು ನಡುಗಿತು.

"ಇದೇ," ಎಂದರು ಮಾವ. "ಎರಡು ಕುಟ್ಟದೆ ಇದು ಯಾವತ್ತೂ ಬಾಯಿ ಬಿಟ್ಟಿಲ್ಲ. ಈ ರೋಗ ಯಾವ ನಕಲಿಗೂ ಬರೋಲ್ಲ."

ದಫೇದಾರರು ಬಗ್ಗಿ ನೋಡಿದರು. "ಸಾರ್, ತಪ್ಪು ತಿಳೀಬೇಡಿ. ನೀವು ಅದನ್ನ ತಲೆಕೆಳಗಾಗಿ ಹಿಡಿದಿದ್ದೀರಿ."

ನಿಜ. ಬಲಗೈ ಗಿಟಾರಿನ ಕತ್ತಿನ ಮೇಲಿತ್ತು, ಎಡಗೈ ತಂತಿಯ ಮೇಲೆ, ತಿರುಪುಗಳೆಲ್ಲ ಮೇಲೆ. ಮಾವನ ಕಿವಿ ಕೆಂಪಗಾಯಿತು. ಅವರು ಕೆಮ್ಮಿದರು.

"ನನಗೆ ಕಲಿಸಿದವರು ಎದುರಿಗೆ ಕೂತು ಕಲಿಸಿದ್ರು. ನಾನು ಕನ್ನಡಿ ನೋಡಿದ ಹಾಗೆ ಅವರು ಹಿಡಿದಂತೆ ಹಿಡಿದೆ. ಉಲ್ಟಾ ಅಂತ ಗೊತ್ತಾಗೋ ಹೊತ್ತಿಗೆ ಕೈ ಕೂತುಬಿಟ್ಟಿತ್ತು."

"ಕ್ಲಬ್ಬಿನಲ್ಲಿ ಯಾರೂ ಹೇಳಲಿಲ್ವಾ ಸಾರ್?"

"ಯಾರಿಗ್ರೀ ಇತ್ತು ಅಷ್ಟು ಧೈರ್ಯ?"

ಸಂಗ್ರಾಹಕರು ಕೈಗವಸು ಕಳಚಿದರು. ಅಸಲಿಯೇ ಇರಬಹುದು, ಆದರೆ ಇದಕ್ಕೀಗ ಹಳೆಯದರ ಬೆಲೆಯೂ ಇಲ್ಲ, ಹೊಸದರ ಬೆಲೆಯೂ ಇಲ್ಲ. ಇನ್ನು ಇದನ್ನು ಯಾರೂ ಕೊಳ್ಳುವುದಿಲ್ಲ ಎಂದು ಹೇಳಿ, ಹೆಣ ನೋಡಿ ಹೊರಟವರಂತೆ ತಲೆ ತಗ್ಗಿಸಿಕೊಂಡು ಹೋದರು. ದಫೇದಾರರು ಪುಸ್ತಕದ ಹಾಳೆ ಹರಿದು ಜೇಬಿಗಿಟ್ಟುಕೊಂಡು ಇನ್ನೊಂದು ಸೆಲ್ಯೂಟು ಹೊಡೆದು ನಡೆದರು.

ಉಳಿದವರು ಮಾವ ಮತ್ತು ಅಳಿಯ. ಮಾವ ಗಿಟಾರನ್ನು ಕೆಳಗಿಟ್ಟಿರಲಿಲ್ಲ. ತಿರುಪಿನ ಪಕ್ಕದ ನುಣುಪು ಅಂಚನ್ನು, ಒಂದು ಕಾಲದಲ್ಲಿ ತಮ್ಮ ಕೈ ಒರಗುತ್ತಿದ್ದ ಜಾಗವನ್ನು, ಸವರುತ್ತ ಕೂತಿದ್ದರು. ಥಳಥಳಣ್ಣನಿಗೆ ಅದನ್ನು ನೋಡಲಾಗಲಿಲ್ಲ.

"ಮಾವ, ನನಗೆ ಏನು ಶಿಕ್ಷೆ ಬೇಕಾದರೂ ಕೊಡಿ."

"ಕೊಡ್ತೀನಿ. ಆ ಗುರುತು ಬೀಳೋಕೆ ಮೂವತ್ತೊಂದು ವರ್ಷ ಹಿಡೀತು ಅಳಿಯಂದಿರೇ. ನನ್ನ ಬೆರಳು ಇನ್ನು ಬಗ್ಗೋಲ್ಲ. ಆದ್ದರಿಂದ ಇನ್ನು ಸವೆಸೋದು ನಿಮ್ಮ ಪಾಲು. ನಾಳೆಯಿಂದ ದಿನಾ ಸಂಜೆ ಐದೂವರೆಗೆ. ರಜೆ ಇಲ್ಲ, ಜಾಮೀನಿಲ್ಲ."

ಸೋಮವಾರ ಐದೂವರೆಗೆ ಥಳಥಳಣ್ಣ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತ. ಮಾವ ಎದುರಿಗೆ ಕುರ್ಚಿ ಹಾಕಿಕೊಂಡು, ತಮ್ಮ ಊರುಗೋಲನ್ನು ಗಿಟಾರಿನಂತೆ, ತಮ್ಮ ಉಲ್ಟಾ ಪದ್ಧತಿಯಲ್ಲೇ ಹಿಡಿದು ತೋರಿಸಿದರು. ಅಳಿಯ ಕನ್ನಡಿ ನೋಡಿದ ಹಾಗೆ ಅವರಂತೆಯೇ ಹಿಡಿದ. ಹಾಗೆ ಹಿಡಿದದ್ದೇ ಸರಿಯಾದ ಕ್ರಮವಾಯಿತು. ಅವನ ಬಲ ಮುಂಗೈ ಹೋಗಿ ಮೇಕಪ್ ಮೇಷ್ಟ್ರು ಮಾಡಿದ ಗುರುತಿನ ಮೇಲೆ ಅಳತೆ ತೆಗೆದು ಹೊಲಿಸಿದಂತೆ ಕೂತಿತು.

ಮಾವ ಅದನ್ನು ನೋಡಿದರು. ಮೀಸೆಯ ತುದಿ ಒಂದಿಷ್ಟು ಅಲುಗಿತು.

ಅರ್ಧ ಗಂಟೆ ಕಳೆಯಿತು. ಬೆರಳಲ್ಲಿ ಬೊಕ್ಕೆ ಎದ್ದವು. ಸ್ಪೀಕರಿನಿಂದ ಬಂದ ಸದ್ದಿಗೆ ಮೇಷ್ಟ್ರು ಕಿಟಕಿ ಮುಚ್ಚಿಕೊಂಡರು. ಹೆದರಿ ಹೆದರಿ ಬೆವರಿದ ಥಳಥಳಣ್ಣ ಕೈ ಎತ್ತಿ ನೋಡಿದ. ಅಂಚಿನ ಮೇಲೆ ಅವನ ಬೆವರಿನ ಒಂದು ಸಣ್ಣ ಕಲೆ ಬಿದ್ದಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ ಬಿಡುತ್ತದೆಯೇ? ಕೈ ಮೆಲ್ಲಗೆ ಹೆಗಲಿಗೆ ಹೋಯಿತು. ಹಳದಿ ಬಟ್ಟೆ ಇಳಿದು ಬಂತು.

"ಲೋ!" ಎಂದು ಮಾವ ಗುಡುಗಿದರು. ಊರುಗೋಲು ನೆಲಕ್ಕೆ ಬಡಿಯಿತು. "ಬಟ್ಟೆ ಕೆಳಗಿಡೋ!"

ಥಳಥಳಣ್ಣ ಬಟ್ಟೆ ಬಿಸಾಡಿದ. ಮೊಣಕಾಲು ಬಡಿದುಕೊಳ್ಳುತ್ತಲೇ ಇದ್ದವು. ಆದರೆ ಕಿವಿ ತುಂಬ ಆ 'ಲೋ' ಉಳಿದುಬಿಟ್ಟಿತು. ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಮಾವ ಅವನನ್ನು ಮನೆಯ ಮಗನನ್ನು ಬೈದ ಹಾಗೆ ಬೈದಿದ್ದರು.